ಕ್ಯಾರಿಯರ್ ಇಲ್ಲದ ಸೈಕಲ್ಲು

ಪಾಂಡವಪುರದ ಕನಕರಾಜು ಸೈಕಲ್ ತುಳಿಯುವ ಮನುಷ್ಯಕುಲವನ್ನು ಎರಡೇ ಪಂಗಡ ಮಾಡಿಬಿಟ್ಟಿದ್ದ. ಒಂದು, ತರಬೇತಿ ಸವಾರರು. ಇನ್ನೊಂದು, ಸೊಪ್ಪಿನ ಸವಾರರು. ತರಬೇತಿ ಸವಾರರೆಂದರೆ ಭಾನುವಾರ ಬೆಳಿಗ್ಗೆ ಮೈಗಂಟುವ ಬಟ್ಟೆ ತೊಟ್ಟು, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿ, ನಾಗಮಂಗಲದವರೆಗೆ ಬೆವರು ಸುರಿಸಿಕೊಂಡು ಹೋಗಿ, ಅಲ್ಲಿ ಯಾರನ್ನೂ ಮಾತಾಡಿಸದೆ, ಏನನ್ನೂ ಕೊಳ್ಳದೆ ಹಾಗೇ ಹಿಂದಿರುಗುವವರು. ಸೊಪ್ಪು ತರಲು, ಹಾಲು ಹಾಕಲು, ಹಿಟ್ಟು ಬೀಸಿಸಲು, ಹೆಂಡತಿಯನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ತುಳಿಯುವವರೆಲ್ಲ ಸೊಪ್ಪಿನ ಸವಾರರು. (ಈ ಎರಡನೇ ಪಂಗಡದಲ್ಲಿ ಕನಕರಾಜುವಿನ ತಾತ, ಅಪ್ಪ, ಮಾವ ಎಲ್ಲರೂ ಬರುತ್ತಿದ್ದರು. ಅದು ಬೇರೆ ಮಾತು.)

ಅವನೂ ಇನ್ನಾರು ಜನರೂ ಸೇರಿ ಕಟ್ಟಿಕೊಂಡ ಸಂಘದ ಹೆಸರು ಪೆಡಲ್ ಪಡೆ. ಕನಕರಾಜು ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ಹಾಗಾಗಿ ಪಡೆಯ ನಿಯಮಾವಳಿಯನ್ನು ಅವನೇ ಬರೆದಿದ್ದ. ‘ನಿಯಮ ಒಂದು: ಕ್ಯಾರಿಯರ್ ಹೊಂದಿರುವ ಸೈಕಲ್ಲಿಗೆ ಸದರಿ ಪಡೆಯಲ್ಲಿ ಪ್ರವೇಶ ಇರತಕ್ಕದ್ದಲ್ಲ. ನಿಯಮ ಎರಡು: ಮಾರ್ಗಮಧ್ಯದಲ್ಲಿ ತರಬೇತಿ ಸವಾರರಿಗೆ ಮಾತ್ರ ತಲೆಯಾಡಿಸಿ ವಂದಿಸತಕ್ಕದ್ದು. ಸೊಪ್ಪಿನ ಸವಾರರಿಗೆ ವಂದಿಸತಕ್ಕದ್ದಲ್ಲ.’

ಪಡೆಯವರ ಮೊಬೈಲುಗಳಲ್ಲಿ ಒಂದು ಆ್ಯಪ್ ಇತ್ತು. ಯಾವ ರಸ್ತೆಯ ಯಾವ ತುಂಡನ್ನು ಯಾರು ಎಷ್ಟು ನಿಮಿಷದಲ್ಲಿ ದಾಟಿದರು ಎಂದು ಅದು ಏಳೂ ಜನಕ್ಕೆ ಪಟ್ಟಿ ಕಳಿಸುತ್ತಿತ್ತು. ಎಲ್ಲ ಪಟ್ಟಿಯಲ್ಲೂ ಮೊದಲನೆಯವರು ಶ್ರೀರಂಗಪಟ್ಟಣದ ಹೈಸ್ಕೂಲ್ ಮೇಷ್ಟ್ರು ಸುಶಮೀಂದ್ರ. ಎಲ್ಲದರಲ್ಲೂ ಆರನೆಯವನು ಕನಕರಾಜು. (ಏಳನೆಯವರು ಮಂಡಿನೋವೆಂದು ಮೂರು ತಿಂಗಳಿಂದ ಬಂದೇ ಇರಲಿಲ್ಲ.)

ಆರನೆಯವನಾದರೇನು, ಸೈಕಲ್ಲು ಮಾತ್ರ ಒಂದನೇ ತರದ್ದು. ಅದಕ್ಕೆ ಬೆಲ್ಲಿಲ್ಲ, ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರ್ರಂತೂ ಇಲ್ಲವೇ ಇಲ್ಲ. ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಕನಕರಾಜು ಸೈಕಲ್ಲನ್ನು ಎತ್ತಿ ತೋರಿಸುತ್ತಿದ್ದ. “ನೋಡಿ, ಒಂದೇ ಕೈಲಿ!”

“ಎತ್ತಿದ್ದು ಸಾಕು, ಇಳ್ಸಿ,” ಎನ್ನುತ್ತಿದ್ದಳು ಹೆಂಡತಿ ಹೇಮ. “ಅದ್ಕೊಂದು ಕ್ಯಾರಿಯರ್ ಆಕ್ಸಿ ಅಂತ ಆರ್ ತಿಂಗ್ಳಿಂದ ಬಡ್ಕತಾ ಇವ್ನಿ.”

“ಓಡೋ ಕುದ್ರೆಗೆ ನೊಗ ಕಟ್ಟು ಅಂತೀಯಲ್ಲೇ! ಇದ್ರಲ್ಲಿ ಒಂದೊಂದು ಗ್ರಾಮೂ ಮುಖ್ಯ ಕಣೇ.”

“ಗ್ರಾಮು ಕಡ್ಮೆ ಮಾಡಂಗಿದ್ರೆ ನಿಮ್ ಹೊಟ್ಟೇಲಿ ಮಾಡಿ. ಸೈಕಲ್ ಯಾಕೆ ಉಪ್ವಾಸ ಕೆಡವ್ತೀರಿ?”

ಹೇಮ ರಾಗಿ ಹಿಟ್ಟಿಗೋ ತೆಂಗಿನಕಾಯಿಗೋ ಕ್ಯಾರಿಯರ್ ಕೇಳುತ್ತಿದ್ದಾಳೆ ಎಂದು ಕನಕರಾಜು ತಿಳಿದಿದ್ದ. ಹೆಂಗಸರಿಗೆ ವೇಗದ ಮಹತ್ವ ಏನು ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದ. (ಮನಸ್ಸಿನಲ್ಲೇ. ಬಾಯಿಬಿಟ್ಟು ಅನ್ನುವಷ್ಟು ತರಬೇತಿ ಇನ್ನೂ ಆಗಿರಲಿಲ್ಲ.)

ಪಿತೃಪಕ್ಷ ಬಂತು. ತಮ್ಮ ಮನೆಯ ಎಡೆ ಮುಗಿದ ಮೇಲೆ ಭಾನುವಾರ ಹೇಮಳ ತವರಲ್ಲಿ ಎಡೆ. ತವರು ಕಿಕ್ಕೇರಿ ಕೆರೆಯ ಪಕ್ಕದ ಹಳ್ಳಿ. ಅಲ್ಲಿ ಎಡೆ ಇಡುವುದು ಸರಿಯಾಗಿ ಹನ್ನೆರಡೂವರೆಗೆ, ಒಂದು ನಿಮಿಷ ಆಚೀಚೆ ಆಗುವಂತಿಲ್ಲ. ಮಾವ ಮಂಚಯ್ಯನ ಅಪ್ಪ ಬದುಕಿದ್ದಾಗ ಹನ್ನೆರಡೂವರೆ ದಾಟಿದರೆ ತಟ್ಟೆ ಎಸೆಯುತ್ತಿದ್ದರಂತೆ. ಸತ್ತ ಮೇಲೆ ಸ್ವಭಾವ ಬದಲಾಗಿರುತ್ತೆ ಎಂದು ನಂಬುವ ಧೈರ್ಯ ಮಂಚಯ್ಯನಿಗಿರಲಿಲ್ಲ.

“ನೀನೂ ದಿವ್ಯಾನೂ ಬಸ್ಸಲ್ಲಿ ಬನ್ನಿ,” ಎಂದ ಕನಕರಾಜು. “ನಾನು ಸೈಕಲ್ಲಲ್ಲಿ ಬತ್ತೀನಿ. ನಿಮಗಿಂತ ಮೊದ್ಲೇ ಇರ್ತೀನಿ.”

ಹೇಮ ಸೌಟು ಕೆಳಗಿಟ್ಟಳು. “ಬಸ್ಸೇ ಮೊದ್ಲು ಬಂದ್ರೆ?”

“ಬಸ್ ಮೊದ್ಲು ಬಂದ್ರೆ ಕ್ಯಾರಿಯರ್ ಆಕಿಸ್ತೀನಿ. ನಾನ್ ಮೊದ್ಲು ಬಂದ್ರೆ ಈ ಜನ್ಮದಲ್ಲಿ ನೀನು ಕ್ಯಾರಿಯರ್ ಅನ್ನೋ ಮಾತು ಎತ್ತಬಾರದು.”

“ಆಗ್ಲಿ. ದಿವ್ಯಾ, ನೀನೇ ಸಾಕ್ಷಿ ಕಣವ್ವ.”

ಪಂದ್ಯವೆಂದ ಮೇಲೆ ಸಿದ್ಧತೆ ಬೇಡವೇ? ಕಾಲಿನ ಕೂದಲು ಗಾಳಿಯನ್ನು ತಡೆದು ವೇಗ ಕುಗ್ಗಿಸುತ್ತದೆ ಎಂದು ಎಲ್ಲೋ ಓದಿದ್ದ ಕನಕರಾಜು ಶನಿವಾರವೇ ಬಚ್ಚಲಿಗೆ ಹೋಗಿ ಎರಡೂ ಕಾಲನ್ನು ನುಣ್ಣಗೆ ಬೋಳಿಸಿಕೊಂಡ. ರಾತ್ರಿ ಮುದ್ದೆ ಬೇಡವೆಂದು ಓಟ್ಸ್ ಗಂಜಿ ಕುಡಿದ. ಬೆಳಿಗ್ಗೆ ಅದೂ ಬೇಡ, ಹೊಟ್ಟೆ ಹಗುರ ಇರಲಿ ಎಂದ. ಹೊರಡುವಾಗ ಹೇಮ ಎರಡು ಅಕ್ಕಿರೊಟ್ಟಿಯನ್ನೂ ಒಂದು ಉಂಡೆ ಬೆಲ್ಲವನ್ನೂ ಪೇಪರಿನಲ್ಲಿ ಸುತ್ತಿ ಕೊಡಲು ಬಂದಳು. ಕನಕರಾಜು ಅದನ್ನು ಅಂಗೈಯಲ್ಲಿ ತೂಗಿ ನೋಡಿ ವಾಪಸು ಕೊಟ್ಟ. “ಕಾಲು ಕೇಜಿ ಐತೆ. ಆಗಲ್ಲ.”

ಹತ್ತು ಗಂಟೆಗೆ ಬಸ್ಸೂ ಹೊರಟಿತು, ಕನಕರಾಜುವೂ ಹೊರಟ. ಚಿನಕುರಳಿಯವರೆಗೆ ಬಸ್ಸು ಮುಂದೆ. ಅಲ್ಲಿ ಡ್ರೈವರ್ ಟೀ ಕುಡಿಯಲು ಇಳಿದಾಗ ಕನಕರಾಜು ಮುಂದೆ. ಮುಂದೆ ಹಾದಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕರೊಬ್ಬರು ಪಕ್ಕಕ್ಕೆ ಬಂದು, “ಯಾವೂರಾಯ್ತಪ್ಪಾ? ಯಾಕಿಂಗೆ ಓಡ್ಕಂಡೋಗ್ತಿದ್ದೀ, ಯಾರಿಗಾರ ಉಸಾರಿಲ್ವಾ?” ಎಂದು ಕಳಕಳಿಯಿಂದ ಕೇಳಿದರು. ನಿಯಮ ಎರಡರ ಪ್ರಕಾರ ಕನಕರಾಜು ತಲೆಯಾಡಿಸಲಿಲ್ಲ. ಕೆ.ಆರ್. ಪೇಟೆ ಮುಟ್ಟಿದಾಗ ಹಿಂದೆ ತಿರುಗಿ ನೋಡಿದ. ಬಸ್ಸಿನ ಸುಳಿವೇ ಇಲ್ಲ. ಇನ್ನುಳಿದದ್ದು ಹದಿಮೂರು ಕಿಲೋಮೀಟರು. ಮೇಲಾಗಿ ಹೇಮ ಪೇಟೆಯಲ್ಲಿ ಇಳಿದು ಬೇರೆ ಬಸ್ಸಿಗೆ ಕಾಯಬೇಕು. ಗೆದ್ದೆ ಎಂದುಕೊಂಡ.

ಗೆದ್ದೆ ಎಂದುಕೊಂಡ ಮೇಲೆ ಏಳೆಂಟು ಕಿಲೋಮೀಟರು ಹೋಗಿರಬಹುದು. ಹೊಟ್ಟೆಯಿಂದ ಏನೋ ಒಂದು ಕಳಚಿ ಬಿದ್ದ ಹಾಗಾಯಿತು. ಕಾಲು ತನ್ನದಲ್ಲ, ರಸ್ತೆ ನೇರವಾಗಿಲ್ಲ, ಪಕ್ಕದ ಹೊಲದ ರಾಗಿ ಪೈರು ಮುದ್ದೆಯ ಹಾಗೆ ಕಾಣತೊಡಗಿತು. ಇಳಿದು ನಿಲ್ಲೋಣವೆಂದರೆ ಪೆಡಲಿಗೇ ಸಿಕ್ಕಿಸಿಕೊಳ್ಳುವ ರೇಸಿನ ಬೂಟು ಕಚ್ಚಿಕೊಂಡಿದೆ. ಅದನ್ನು ಬಿಡಿಸಲು ಪಾದವನ್ನು ಹೊರಕ್ಕೆ ತಿರುಗಿಸಬೇಕು. ಅಷ್ಟು ಕಸುವೂ ಇಲ್ಲ. ಸೈಕಲ್ಲು ನಿಂತಿತು, ಒಂದು ಗಳಿಗೆ ಯೋಚಿಸಿತು, ಆಮೇಲೆ ಸವಾರನ ಸಮೇತ ಗರಿಕೆಯ ಮೇಲೆ ಮೆಲ್ಲಗೆ ಮಲಗಿತು.

ಕೆ.ಆರ್. ಪೇಟೆಯಲ್ಲಿ ಕಿಕ್ಕೇರಿ ಬಸ್ಸು ಎಂದೂ ಇಲ್ಲದ್ದು ಅವತ್ತು ಹೊರಡಲು ತಯಾರಾಗಿ ನಿಂತಿತ್ತು. ಕನಕರಾಜು ಬಿದ್ದ ಐದೇ ನಿಮಿಷಕ್ಕೆ ಅದು ಅಲ್ಲಿಗೆ ಬಂದು, ಧೂಳೆಬ್ಬಿಸಿಕೊಂಡು ಮುಂದೆ ಹೋಯಿತು. ಕಿಟಕಿಯಿಂದ ಎಂಟು ವರ್ಷದ ದಿವ್ಯಳ ಕೂಗು ಕೇಳಿಸಿತು. “ಅಮ್ಮಾ, ಅಪ್ಪ ಮಲೀಕಬುಟ್ಟವ್ರೆ!”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಕನಕರಾಜುವಿಗೆ ಆ ಗಾದೆ ಅರ್ಥವಾದದ್ದು ಆಗಲೇ. ಬೂಟನ್ನು ಹೇಗೋ ಬಿಡಿಸಿಕೊಂಡು ಮೈಲಿಗಲ್ಲಿನ ಮೇಲೆ ಕೂತ. ಫೋನ್ ಮಾಡೋಣವೆಂದರೆ ಟವರಿಲ್ಲ. ಹನ್ನೆರಡು ದಾಟಿತು. ಅಳಿಯ ಬಾರದೆ ಎಡೆ ಇಡುವುದಿಲ್ಲ, ತನ್ನಿಂದಾಗಿ ಮನೆಯ ಹಿರಿಯರು ಉಪವಾಸ, ಅವರಿಂದಾಗಿ ಮನೆಮಂದಿಯೆಲ್ಲ ಉಪವಾಸ ಎಂದು ನೆನೆದಾಗ ಅವನಿಗೆ ಅಳುವೇ ಬಂತು.

ಆಗ ದಿಬ್ಬದಾಚೆಯಿಂದ ಕಟಕಟ ಸದ್ದು ಮಾಡುತ್ತ ಒಂದು ಹಳೇ ಡಬಲ್‌ಬಾರ್ ಸೈಕಲ್ಲು ಬಂತು. ಮೇಲೆ ಮಾವ ಮಂಚಯ್ಯ. ಅರವತ್ತೆಂಟು ವರ್ಷ, ಮೇಲೆತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಟವೆಲ್ಲು. ಕಾಲನ್ನು ನೆಲಕ್ಕೆ ಉಜ್ಜಿ ಸೈಕಲ್ ನಿಲ್ಲಿಸಿದರು. (ಆ ಸೈಕಲ್ಲಿಗೆ ಬ್ರೇಕು ಎಂಬುದು ಅವರ ಚಪ್ಪಲಿಯೇ.)

“ಕುಂತ್ಕಳಿ ಅಳಿಯಂದ್ರೆ ಬಿರ್ನೆ. ನಮ್ಮಪ್ಪ ತಟ್ಟೆ ಎಸೆಯೋ ಹೊತ್ತಾಯ್ತು.”

“ಮಾವ, ನನ್ ಸೈಕಲ್ಲು?”

“ಒಂದೇ ಕೈಲಿ ಎತ್ತಬೌದು ಅಂತಿದ್ರಲ್ಲ, ಎತ್ಕಳಿ ಮತ್ತೆ.”

ಕನಕರಾಜು ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತ. ಒಂದು ಕೈಯಲ್ಲಿ ತನ್ನ ಸೈಕಲ್ಲನ್ನು ಹೆಗಲಿಗೇರಿಸಿಕೊಂಡ. ಇನ್ನೊಂದು ಕೈಗೆ ಮಂಚಯ್ಯ ಸೊಂಟದಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಅದೇ ಪೇಪರು, ಅದೇ ಎರಡು ಅಕ್ಕಿರೊಟ್ಟಿ, ಅದೇ ಉಂಡೆ ಬೆಲ್ಲ. ಹೇಮ ಕೊಟ್ಟು ಕಳಿಸಿದ್ದಳು.

ಅಲ್ಲಿಂದ ಕೆರೆ ಏರಿಯವರೆಗೂ ಇಳಿಜಾರು. ಇಬ್ಬರ ತೂಕ, ಎರಡು ಸೈಕಲ್ಲಿನ ತೂಕ, ಇಲ್ಲದ ಬ್ರೇಕು, ಹಿಂದಿನಿಂದ ಬೀಸುವ ಗಾಳಿ, ಇವೆಲ್ಲಕ್ಕೂ ಮಿಗಿಲಾಗಿ ಸತ್ತ ಅಪ್ಪನ ಭಯ. ಮಂಚಯ್ಯ ತುಳಿದ ತುಳಿತಕ್ಕೆ ಎದುರು ಬಂದ ಟ್ರಾಕ್ಟರಿನವನೇ ಪಕ್ಕಕ್ಕೆ ಸರಿದ. ಕನಕರಾಜು ಬಾಯಲ್ಲಿ ರೊಟ್ಟಿ ಕಚ್ಚಿಕೊಂಡೇ ಕುಲದೇವರನ್ನು ನೆನೆದ.

“ಎದರ್ಕಬ್ಯಾಡಿ,” ಎಂದರು ಮಾವ, ತಿರುಗದೆ. “ಇದೇ ಕ್ಯಾರಿಯರ್ ಮ್ಯಾಲೆ ನಿಮ್ ಹೇಮನ್ನ ಮೂರ್ ವರ್ಸ ಐಸ್ಕೂಲಿಗೆ ಬುಟ್ಟಿವ್ನಿ. ಒಂದಿನಾನೂ ಬೆಲ್ ಒಡೆದ ಮ್ಯಾಕೆ ಓಗ್ಲಿಲ್ಲ ಅವ್ಳು.”

“ಊಂ,” ಎಂದ ಕನಕರಾಜು, ರೊಟ್ಟಿಯ ನಡುವೆ.

“ಮದ್ವೆ ಆದ್ ವರ್ಸ ನೀವು ನಿಮ್ ಹಳೇ ಸೈಕಲ್ನಾಗೆ ಅವ್ಳನ್ನ ಹಿಂದೆ ಕೂರಿಸ್ಕಂಡು ಪಟ್ಣದ ಸಂಗಮಕ್ಕೆ ಓಗಿದ್ರಂತೆ. ಈಗ್ಲೂ ಬಂದಾಗೆಲ್ಲ ಅವ್ರವ್ವನ ತಾವ ಅದ್ನೇ ಯೋಳ್ತಳೆ. ಒಸ ಸೈಕಲ್ ತಂದ್ರು ಅಂದಾಗ ಎಷ್ಟು ಕುಸಿ ಪಟ್ಟಿದ್ಲು! ಆಮ್ಯಾಕೆ ಅದ್ರಾಗೆ ಕುಂತ್ಕಳಕ್ಕೆ ಜಾಗ್ವೇ ಇಲ್ಲ ಕಣಪ್ಪ ಅಂದ್ಲು.”

ಆರು ತಿಂಗಳಿಂದ ಅವಳು ಕೇಳುತ್ತಿದ್ದದ್ದು ರಾಗಿಗೆ ಜಾಗವಲ್ಲ, ತೆಂಗಿನಕಾಯಿಗೂ ಅಲ್ಲ. ತಾನು ಗ್ರಾಂ ಹಿಡಿದು ತೂಗುತ್ತಾ ಕೂತಿದ್ದೆ ಎಂದು ಕನಕರಾಜುವಿಗೆ ನಾಚಿಕೆಯಾಯಿತು. ಬೇಡವೆಂದು ಹಿಂದಿರುಗಿಸಿದ ರೊಟ್ಟಿಯನ್ನು ಅವಳು ಐವತ್ತು ಕಿಲೋಮೀಟರು ಜೋಪಾನ ಮಾಡಿ ತಂದು ಕಳಿಸಿದ್ದಳು. ಮುಂದಿದ್ದ ಮಾವನ ಬೆವರಿದ ಬೆನ್ನನ್ನು ನೋಡಿ ಅವನಿಗೆ ಕೈ ಮುಗಿಯಬೇಕು ಅನ್ನಿಸಿತು. ಆದರೆ ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದರಲ್ಲಿ ಬೆಲ್ಲ.

ಹನ್ನೆರಡು ಇಪ್ಪತ್ತೆಂಟಕ್ಕೆ ಸವಾರಿ ಮನೆ ಬಾಗಿಲಿಗೆ ಬಂತು. ಅಳಿಯನ ಮೈಗಂಟಿದ ಉಡುಪನ್ನು ನೋಡಿದ ಅತ್ತೆ ಗೌರಮ್ಮ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು ಒಂದು ಪಂಚೆ ಚಾಚಿದರು. ಅಷ್ಟರಲ್ಲಿ ಅವರ ಕಣ್ಣು ಕಾಲಿನ ಮೇಲೆ ಬಿತ್ತು.

“ಅಯ್ಯೋ ನನ್ ಶಿವ್ನೆ! ಹೇಮಾ, ತಲೆ ಮುಡಿ ಕೊಡೋದು ಕೇಳಿವ್ನಿ. ಕಾಲ್ ಮುಡಿ ಕೊಡೋದು ಯಾವ್ ದೇವ್ರಿಗೆ?”

“ಗಾಳಿ ದೇವ್ರಿಗೆ ಕಣವ್ವ,” ಎಂದಳು ಹೇಮ. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಎಡೆ ಹೊತ್ತಿಗೆ ಸರಿಯಾಗಿ ಆಯಿತು. ಧೂಪ ಹಾಕಿ, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಕೂತರು. ಕನಕರಾಜು ಕಣ್ಮುಚ್ಚಿ, ಕಂಡೇ ಇರದ ಮಾವನ ಅಪ್ಪನಿಗೆ ಮನಸಾರೆ ಕೃತಜ್ಞತೆ ಹೇಳಿದ. ಅವರ ಕೋಪ ಇಲ್ಲದಿದ್ದರೆ ಮಾವ ಅಷ್ಟು ಬೇಗ ಬರುತ್ತಿದ್ದರೇ? ಆಮೇಲೆ ಎಲೆಗೆ ಕೂತು ಮೂರು ಮುದ್ದೆ ಉಂಡ. ಎಷ್ಟು ಗ್ರಾಂ ಎಂದು ಯಾರೂ ಕೇಳಲಿಲ್ಲ.

ಸಂಜೆ ಕಿಕ್ಕೇರಿಗೆ ಬಂದಾಗ ಟವರ್ ಸಿಕ್ಕಿ ಮೊಬೈಲು ಒಂದೇ ಸಮನೆ ಬಡಿದುಕೊಂಡಿತು. ಆ್ಯಪ್ ನಿಲ್ಲಿಸುವುದನ್ನು ಕನಕರಾಜು ಮರೆತಿದ್ದ. ಸುಶಮೀಂದ್ರ ಮೇಷ್ಟ್ರು ಕಳಿಸಿದ್ದ ವಾಯ್ಸ್ ಮೆಸೇಜಿನಲ್ಲಿ ಧ್ವನಿ ಗದ್ಗದವಾಗಿತ್ತು. “ಕನಕರಾಜು ಅವರೇ, ಅಭಿನಂದನೆಗಳು! ಕಿಕ್ಕೇರಿ ರಸ್ತೆಯ ಕೊನೆಯ ತುಂಡಿನಲ್ಲಿ ನನ್ನ ದಾಖಲೆಯನ್ನೇ ಮುರಿದಿದ್ದೀರಿ. ಆರನೆಯವರು ಮೊದಲನೆಯವರಾಗುವುದು ಅಂದರೇನು? ಅದೇನು ಸಾಧನೆ, ದಯವಿಟ್ಟು ತಿಳಿಸಬೇಕು.”

ಮೊದಲ ಸ್ಥಾನ! ಸುಮ್ಮನೇ ಇದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೆವರಿದ ಆ ಬೆನ್ನು ಕಣ್ಣಿಗೆ ಕಟ್ಟಿತ್ತು. ‘ಮೇಷ್ಟ್ರೇ, ತುಳಿದಿದ್ದು ನಮ್ಮ ಮಾವ ಮಂಚಯ್ಯನವರು. ನಾನು ಕ್ಯಾರಿಯರ್ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ’ ಎಂದು ಬರೆದು ಕಳಿಸಿದ.

ಮೇಷ್ಟ್ರು ಲೆಕ್ಕದಲ್ಲಿ ಕಟ್ಟುನಿಟ್ಟು. ಅವತ್ತೇ ಪಟ್ಟಿ ತಿದ್ದಿ ಮಂಚಯ್ಯನವರನ್ನು ಒಂದನೇ ಸ್ಥಾನದಲ್ಲಿ ಕೂರಿಸಿದರು. ಮಂಡಿನೋವಿನವರ ಹೆಸರು ತೆಗೆದು ಮಂಚಯ್ಯನವರನ್ನು ಪಡೆಯ ಗೌರವ ಸದಸ್ಯರನ್ನಾಗಿ ಮಾಡಿದರು. ನಿಯಮ ಒಂದಕ್ಕೆ ತಿದ್ದುಪಡಿಯೂ ಬಂತು: ‘ಶ್ರೀ ಮಂಚಯ್ಯನವರ ಕ್ಯಾರಿಯರ್ ಹೊರತುಪಡಿಸಿ.’ ಕನಕರಾಜು ಈಗ ಏಳರಲ್ಲಿ ಏಳನೆಯವನು.

ಮಾತಿಗೆ ತಪ್ಪಬಾರದೆಂದು ಮರುದಿನ ಸೈಕಲ್ಲನ್ನು ಅಂಗಡಿಗೆ ಒಯ್ದ. ಅಂಗಡಿಯ ಚಿಕ್ಕಸ್ವಾಮಿ ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ಕೆ ಕ್ಯಾರಿಯರ್ ಕೂರ್ಸಕ್ಕೆ ತೂತೇ ಇಲ್ವಲ್ಲ ಸಾ,” ಎಂದ. ಕನಕರಾಜು ಮನೆಗೆ ಬಂದು, ಹಿತ್ತಲಿನ ಸೌದೆಯ ಸಂದಿಯಿಂದ ತನ್ನ ಹಳೇ ಸೈಕಲ್ಲನ್ನು ಹೊರಗೆಳೆದ. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಕ್ಯಾರಿಯರ್ ಮೇಲೆ ಒಂದು ಹಳೇ ಟವೆಲ್ಲನ್ನು ಮಡಿಸಿ ಕಟ್ಟಿದ. ಭಾನುವಾರ ಬೆಳಿಗ್ಗೆ ಹೇಮ ಯಾರೂ ಕರೆಯದೆಯೇ ಹೊಸ ಸೀರೆ ಉಟ್ಟು ಬಂದಳು.

ಮುಂದಿನ ಕಂಬಿಯ ಮೇಲೆ ದಿವ್ಯ, ಹಿಂದೆ ಹೇಮ, ಹ್ಯಾಂಡಲ್ಲಿಗೆ ಬುತ್ತಿಯ ಚೀಲ. ಶ್ರೀರಂಗಪಟ್ಟಣದ ಸಂಗಮದ ದಾರಿಯಲ್ಲಿ ಕನಕರಾಜು ಬುಸುಗುಡುತ್ತಾ ತುಳಿಯುತ್ತಿದ್ದಾಗ ಹಿಂದಿನಿಂದ ಸುಯ್ಯೆಂದು ಪೆಡಲ್ ಪಡೆ ಬಂತು. ಐದು ಹೆಲ್ಮೆಟ್ಟುಗಳು, ಐದು ಕಪ್ಪು ಕನ್ನಡಕಗಳು. ಕನಕರಾಜು ಹಲ್ಲು ಬಿಟ್ಟು ತಲೆಯಾಡಿಸಿದ. ಸುಶಮೀಂದ್ರ ಮೇಷ್ಟ್ರು ಚೀಲವನ್ನೂ ಕ್ಯಾರಿಯರನ್ನೂ ಒಮ್ಮೆ ನೋಡಿ, ನಿಯಮ ಎರಡರ ಪ್ರಕಾರ ಮುಖ ಮುಂದಕ್ಕೆ ಮಾಡಿಕೊಂಡು ಹೊರಟುಹೋದರು. ಉಳಿದವರೂ ಹಾಗೇ.

“ಅವ್ರು ನಿಮ್ ಕಡೆಯೋರಲ್ವಾ?” ಎಂದಳು ಹೇಮ.

“ಅಲ್ಲ ಕಣೇ,” ಎಂದ ಕನಕರಾಜು. “ಅವ್ರ್ ಹಿಂದೆ ಯಾರೂ ಕೂತಿಲ್ಲ, ನೋಡು.”

ಹೇಮ ಅವನ ಸೊಂಟ ಬಳಸಿ ಹಿಡಿದುಕೊಂಡಳು. ಬೆವರಿದ ಬೆನ್ನಿಗೆ ಅವಳ ಕೆನ್ನೆ ತಗುಲಿತು. ತನಗೆ ಇಷ್ಟೆಲ್ಲ ಕೊಟ್ಟ ದೇವರನ್ನೂ ಮಾವನನ್ನೂ ಕನಕರಾಜು ನೆನೆಯುತ್ತಿರುವಾಗ, ಹಿಂದಿನಿಂದ ಅವಳು ಮೆಲ್ಲಗೆ ಹೇಳಿದಳು.

“ರೀ, ಅಪ್ಪ ಆಗಿದ್ರೆ ಇಷ್ಟೊತ್ತಿಗೆ ಸಂಗಮ ಮುಟ್ಟಿ ವಾಪಸ್ ಬತ್ತಿದ್ರು.”