ಎರಡು ಬ್ಯಾಗಿನ ಟ್ರಯಲ್ ಪೀಸು

೧೯೭೮ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆ. ಶಾಲೆಯೇ ನನ್ನನ್ನು ಬಿಟ್ಟಿತು ಎಂದು ನನ್ನ ಹೆಂಡತಿ ಕಸ್ತೂರಿ ಬಂದವರಿಗೆಲ್ಲ ಹೇಳುತ್ತಾಳೆ. ಆ ಕಡೆ ಗಮನ ಕೊಡಬೇಡಿ. ಸೇಡಂ ಕಡೆಯಿಂದ ಹೈದರಾಬಾದಿಗೆ ಬಂದು, ಸನತ್‌ನಗರದಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವುದನ್ನು ಕಲಿತು, ಕೊನೆಗೆ ಸ್ವಂತ ಶೆಡ್ಡು ಹಾಕಿದವನು ನಾನು. ಡಿಗ್ರಿ ಪಡೆದ ಇಂಜಿನಿಯರುಗಳು ನಕ್ಷೆ ಹಿಡಿದು ಬಂದು, ಉಸ್ತಾದ್, ಇದು ಆಗುತ್ತದೆಯೇ ಎಂದು ಕೇಳಿದ್ದಾರೆ. ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ಚಹಾ ಕುಡಿಯುತ್ತೇನೆ. ಹೀಗೆ ಮಂದಿಯನ್ನು ಕಾಯಿಸುವುದು ಓದಿನಿಂದ ಬರುವ ವಿದ್ಯೆಯಲ್ಲ.

ಇಂಥವನಿಗೆ ಅರವತ್ತು ತುಂಬುತ್ತಲೇ ವಿಯೆಟ್ನಾಮಿಗೆ ಹೋಗಿ ನೆಲೆಸುವ ಯೋಗ ಬಂತು. ಕಸ್ತೂರಿ ಮೊಬೈಲಿನಲ್ಲಿ ಯಾರೋ ಗಂಡಹೆಂಡತಿಯನ್ನು ನೋಡಿದ್ದಳು: ಅಲ್ಲಿಯ ಸಮುದ್ರದ ದಂಡೆ, ಒಂದೇ ಕೋಣೆ, ಕಡಿಮೆ ಖರ್ಚು, ಇಬ್ಬರೂ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದಾರೆ. ನಾಲ್ಕು ಸಲ ತೋರಿಸಿದಳು. ನಾಲ್ಕು ಸಲವೂ ನಾನು ಸಮುದ್ರ ನೋಡಿದೆ. ಪಾಸ್‌ಪೋರ್ಟ್ ಬಂದವು. ಲೇತಿಗೆ ಗಿರಾಕಿಯೂ ಸಿಕ್ಕ. ತಿಂಗಳ ಕೊನೆಗೆ ಲಾರಿ ತರುತ್ತೇನೆಂದ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಬೆಲೆಬಾಳುವ ಕಬ್ಬಿಣಕ್ಕೆ ಕೈ ಹಾಕುವ ಮೊದಲು ಗುಜರಿ ತುಂಡಿನಲ್ಲಿ ಒಂದು ಟ್ರಯಲ್ ಪೀಸು ತೆಗೆಯುತ್ತೇವೆ. ವಿದೇಶವಾಸಕ್ಕೂ ಮನೆಯಲ್ಲೇ ಒಂದು ತಿಂಗಳು ಅಂಥದೊಂದು ತೆಗೆಯೋಣವೆಂದೆ. ವಿಮಾನದಲ್ಲಿ ಒಯ್ಯಬಹುದಾದ ಎರಡು ಬ್ಯಾಗಿನಲ್ಲಿ ಹಿಡಿಸುವಷ್ಟನ್ನು ಹೊರಗಿಟ್ಟು, ಸೋಫಾ, ಟಿವಿ, ಮಂಚ, ಮೂವತ್ತೈದು ವರ್ಷ ದುಡಿದು ಕೂಡಿಸಿದ್ದೆಲ್ಲವನ್ನೂ ಒಳಕೋಣೆಗೆ ತುಂಬಿ ಬೀಗ ಹಾಕಿದೆ. ಶೆಡ್ಡಿಗೂ ಬೀಗ. ಎರಡೂ ಕೀಲಿಗಳನ್ನು ಪಕ್ಕದ ಮನೆಯ ಯಾದಮ್ಮನ ಕೈಗಿಟ್ಟು, ಒಂದು ತಿಂಗಳು ನಾನು ಅತ್ತರೂ ಕೊಡಬೇಡ ಎಂದು ತೆಲುಗಿನಲ್ಲಿ ತಾಕೀತು ಮಾಡಿದೆ.

ಕಸ್ತೂರಿಯ ಬ್ಯಾಗು ಎತ್ತಲು ಬರಲಿಲ್ಲ. ತೆರೆದರೆ ಮೇಲೆ ರೊಟ್ಟಿ ಹಂಚು, ಕೆಳಗೆ ಹಿಟ್ಟು.

"ಅಲ್ಲಿ ಜ್ವಾಳ ಸಿಗತೈತೇನ್ರಿ? ಕೇಳೀರೇನು?"

ಕೇಳಿರಲಿಲ್ಲ. ನನ್ನ ನಾಲ್ಕು ಅಂಗಿ ಹೊರಬಿದ್ದವು, ಹಂಚು ಉಳಿಯಿತು.

ಮೊದಲ ಸಂಜೆ ಚಾಪೆಯ ಮೇಲೆ ಎರಡು ತಟ್ಟೆ ಇಟ್ಟುಕೊಂಡು ಕೂತಾಗ, ಇದನ್ನು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಮದುವೆಯಾದ ಹೊಸತು, ಇದೇ ಸನತ್‌ನಗರದ ತಗಡಿನ ಖೋಲಿ. ಇದೇ ಹಂಚು. ಒಂದು ಸ್ಟೌ, ಒಂದು ಚಾಪೆ, ಎರಡು ತಟ್ಟೆ. ಕಾರ್ಖಾನೆಯ ಭೋಂಗಾ ಕೂಗಿದೊಡನೆ ಕಸ್ತೂರಿ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ನಾನು ಹೊಸ್ತಿಲು ಮುಟ್ಟುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಆ ಖೋಲಿಯಿಂದ ಹೊರಬೀಳಲು ನಾನು ಹಗಲಿರುಳು ದುಡಿದಿದ್ದೆ. ಈಗ ಅದಕ್ಕೇ ಮರಳಲು ಪಾಸ್‌ಪೋರ್ಟ್ ಮಾಡಿಸಿದ್ದೆ.

ಊಟ, ಹರಟೆ ಎಲ್ಲ ಸರಿಯಿತ್ತು. ಕೈ ಮಾತ್ರ ಸುಮ್ಮನಿರಲಿಲ್ಲ. ಎರಡನೇ ವಾರ ನಲ್ಲಿ ಬಿಚ್ಚಿ ಜೋಡಿಸಿದೆ. ಚಿಲಕ ಬಿಚ್ಚಿ ಜೋಡಿಸಿದೆ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನೂ ಬಿಚ್ಚಿದೆ. ಅದು ಇನ್ನೂ ಕೂಡಿಕೊಂಡಿಲ್ಲ. ಕೊನೆಗೆ ಯಾದಮ್ಮನ ಬಾಗಿಲಿಗೆ ಹೋಗಿ ಶೆಡ್ಡಿನ ಕೀಲಿ ಕೇಳಿದೆ. ತಿಂಗಳಾಗಿಲ್ಲ, ನೀನಿನ್ನೂ ಅತ್ತೂ ಇಲ್ಲ ಎಂದಳು. ತಿರುಗಿದರೆ ಹಿಂದೆಯೇ ಕಸ್ತೂರಿ.

"ಬ್ಯಾಗಿನ್ಯಾಗ ಎಲ್ಲಾ ಹಿಡಿಸೈತ್ರಿ. ನಿಮ್ಮ ಕೈಗೊಂದು ಕೆಲಸ ಇಡೂದು ಮರ್ತೀವಿ."

"ಮತ್ತ ನಿನ್ನ ಸಮುದ್ರ?"

"ನಾ ಎಲ್ಲಿ ಸಮುದ್ರ ನೋಡಿನ್ರಿ? ಕುರ್ಚಿ ನೋಡಾಕತ್ತಿದ್ದೆ. ಎರಡೂ ಕುರ್ಚ್ಯಾಗ ಮಂದಿ ಇದ್ರು."

ಸ್ವಂತ ಶೆಡ್ಡು ಹಾಕಿದಂದಿನಿಂದ ನಾನು ರಾತ್ರಿ ಹತ್ತಕ್ಕೆ ಮುಂಚೆ ಮನೆ ಸೇರಿದವನಲ್ಲ. ಮೊದಲು ಚಹಾ ಕುಡಿದೆ.

ಲಾರಿ ತರಬೇಡವೆಂದು ಗಿರಾಕಿಗೆ ಹೇಳಿದೆ. ಯಾದಮ್ಮ ಕೊಟ್ಟ ಶೆಡ್ಡಿನ ಕೀಲಿ ಈಗ ಕಸ್ತೂರಿಯ ಸೆರಗಿನ ಗಂಟಿನಲ್ಲಿದೆ. ಬೆಳಿಗ್ಗೆ ಅವಳೇ ಬಂದು ಬೀಗ ತೆಗೆಯುತ್ತಾಳೆ, ಸಂಜೆ ಐದಕ್ಕೆ ಅವಳೇ ಬಂದು ಹಾಕುತ್ತಾಳೆ. ಮೊದಲ ದಿನವೇ ಪೈಪು ಬಗ್ಗಿಸಿ ಎರಡು ಕುರ್ಚಿ ಮಾಡಿ ಅಂಗಳದಲ್ಲಿಟ್ಟೆ. ಒಳಕೋಣೆಯ ಕೀಲಿ ಯಾದಮ್ಮನ ಬಳಿಯೇ ಇದೆ; ಕೇಳಲು ನಾವಿಬ್ಬರೂ ಹೋಗಿಲ್ಲ.

ಹೀಗಾಗಿ ಈಗ ನನ್ನ ಬಳಿ ಇರುವುದು ಲೇತು ಒಂದು, ಹಂಚು ಒಂದು, ತಟ್ಟೆ ಎರಡು, ಮುದ್ರೆ ಬೀಳದ ಪಾಸ್‌ಪೋರ್ಟ್ ಎರಡು, ಬಿಚ್ಚಿದ ಫ್ಯಾನು ಒಂದು, ಕುರ್ಚಿ ಎರಡು. ಕೀಲಿ ಒಂದೂ ಇಲ್ಲ.