ಹಸುವಿನ ದಯೆಯಿಂದ ಉಳಿದ ಬ್ಯಾಸ್ಕೆಟ್‌ಬಾಲ್ ತಂಡ

ಕೊರಳಲ್ಲಿ ಸೀಟಿ ನೇತುಹಾಕಿಕೊಂಡವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ಜಾತಕ ತೋರಿಸಿ ಪ್ರಯೋಜನವಿಲ್ಲ.

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ತೊಂಬತ್ತರ ದಶಕದ ಮೊದಮೊದಲಲ್ಲಿ ನಮ್ಮ ಕಡೆಯ ಬ್ಯಾಸ್ಕೆಟ್‌ಬಾಲ್ ಲೀಗಿನವರಿಗೆ ಹಳೆಯ ಆರು ತಂಡಗಳ ಮುಖ ನೋಡಿ ಬೇಸರವಾಯಿತೋ ಏನೋ, ಏಳನೆಯದೊಂದು ಬೇಕು ಅಂದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಸೇರಿ ಒಂದು ತಂಡ ಕಟ್ಟಿ ಎಂದು ನನಗೆ ಕಾಗದ ಬಂತು. ಅದರಲ್ಲಿ ‘ವೃತ್ತಿಪರ ಲೀಗ್’ ಎಂಬ ದೊಡ್ಡ ಮಾತು ಬೇರೆ ಇತ್ತು. ವೃತ್ತಿಪರ ಅಂದರೆ ಆಟವೊಂದಕ್ಕೆ ಬಸ್ ಚಾರ್ಜು, ಒಂದು ಮಸಾಲೆ ದೋಸೆ, ಗೆದ್ದರೆ ಮೇಲೊಂದು ಕಾಫಿ. ಆ ಕಾಫಿಗೆ ಸಕ್ಕರೆ ಹಾಕುತ್ತಾರೋ ಇಲ್ಲವೋ ಎಂಬುದು ನಮ್ಮವರಿಗೆ ಬಹಳ ದಿನ ತಿಳಿಯಲೇ ಇಲ್ಲ.

ಕಾಗದದ ಕೊನೆಯಲ್ಲಿ ಒಂದು ಷರತ್ತು. ಮೂರು ವರ್ಷದೊಳಗೆ ಒಂದು ಆಟವನ್ನಾದರೂ ಗೆಲ್ಲಬೇಕು, ಇಲ್ಲದಿದ್ದರೆ ತಂಡ ರದ್ದು. ಒಂದೇ ಒಂದು ಆಟ! ನಾನು ಓದಿ ಜೋರಾಗಿ ನಕ್ಕೆ. ಆಮೇಲೆ ಮೂರು ವರ್ಷ ನಗಲಿಲ್ಲ.

ಹಳೆಯ ತಂಡಗಳ ಧಾರಾಳತನ

ಹೊಸ ತಂಡಕ್ಕೆ ಹಳೆಯ ಆರೂ ತಂಡದವರು ಒಬ್ಬೊಬ್ಬ ಆಟಗಾರನನ್ನು ಬಿಟ್ಟುಕೊಡಬೇಕು ಎಂದು ಲೀಗಿನವರು ಅಪ್ಪಣೆ ಮಾಡಿದರು. ಕೊಟ್ಟರು. ಹರಿದ ಪಂಚೆಯನ್ನು ದಾನ ಮಾಡುವಾಗ ಮನುಷ್ಯನಿಗೆ ಎಷ್ಟು ಸಂತೋಷವಾಗುತ್ತದೋ ಅಷ್ಟೇ ಸಂತೋಷದಿಂದ ಕೊಟ್ಟರು.

ಆರು ಜನರಲ್ಲಿ ಇಬ್ಬರು ನಮ್ಮ ಹೆಸರು ಕೇಳಿದ್ದೇ ಆಟವನ್ನೇ ಬಿಟ್ಟರು. ಉಳಿದವರು ನಾಲ್ವರು. ಒಬ್ಬನಿಗೆ ಮಂಡಿನೋವು, ಬಲಕ್ಕೆ ಮಾತ್ರ ತಿರುಗುತ್ತಿದ್ದ. ಇನ್ನೊಬ್ಬ ಚೆಂಡು ಕೈಗೆ ಬಂದರೆ ಹೆತ್ತ ತಾಯಿಗೂ ಕೊಡುತ್ತಿರಲಿಲ್ಲ. ಮೂರನೆಯವನು ಆಟಕ್ಕಿಂತ ವಾದದಲ್ಲಿ ಗಟ್ಟಿಗ. ರೆಫರಿ ಸೀಟಿ ಊದಿದರೆ ಸಾಕು, ವಕೀಲರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಹೋಗಿ ನಿಲ್ಲುತ್ತಿದ್ದ.

ನಾಲ್ಕನೆಯವನು ಮಾತ್ರ ಚಿನ್ನದಂಥ ಆಟಗಾರ. ಎಲ್ಲಿಂದ ಎಸೆದರೂ ಬ್ಯಾಸ್ಕೆಟ್ಟು. ನನಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು. ಅವನನ್ನು ಕೊಟ್ಟ ತಂಡದ ಮ್ಯಾನೇಜರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ.

“ಇಷ್ಟ್ ಚೆಂದಾಗಿ ಆಡ್ತಾನೆ, ಯಾಕ್ ಸಾರ್ ಬುಟ್ಟ್‌ಕೊಟ್ರಿ?”

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟರು. “ಒಂದ್ಸಲ ಓಟ್ಲಿಗೆ ಕರ್ಕಂಡೋಗಿ ಮೇಷ್ಟ್ರೇ, ತಿಳೀತದೆ.”

ಕರೆದುಕೊಂಡು ಹೋದೆ. ಒಂಬತ್ತನೆಯ ದೋಸೆಗೆ ತಿಳಿಯಿತು.

ಬೆನ್ನ ಮೇಲೆ ನಾಲ್ಕೂರು

ತಂಡಕ್ಕೆ ಹೆಸರಿಡಲು ನಾಲ್ಕೂ ಊರಿನ ಹಿರಿಯರನ್ನು ಕರೆದು ಸಭೆ ಮಾಡಿದೆ. ನನ್ನ ಜೀವಮಾನದಲ್ಲಿ ಮಾಡಿದ ತಪ್ಪುಗಳಲ್ಲಿ ಇದಕ್ಕೆ ಒಳ್ಳೆಯ ಸ್ಥಾನವಿದೆ.

ಶ್ರೀರಂಗಪಟ್ಟಣದ ಹಿರಿಯರು ಮೊದಲೇ ಎದ್ದು ನಿಂತರು. “ರಾಜ್‌ಧಾನಿ ಆಗಿದ್ದ ಊರು ನಮ್ದು. ನಮ್ ಹೆಸ್ರೇ ಮುಂದ್ಕಿರ್ಬೇಕು.”

“ಆಡೋದು ನಮ್ಮೂರಲ್ಲಿ. ರಾಜ್‌ಧಾನಿ ಕಟ್ಕಂಡು ಏನ್ ಮಾಡದು?” ಇದು ಪಾಂಡವಪುರದವರ ಮಾತು.

“ನಮ್ ಹೆಸ್ರು ಕೊನೇಲ್ ಬಂದ್ರೆ ನಮ್ ಐಕಳನ್ನ ಕಳ್ಸಾಕಿಲ್ಲ” ಅಂದರು ನಾಗಮಂಗಲದವರು. ನಾಗಮಂಗಲದಿಂದ ಒಬ್ಬ ಹುಡುಗನೂ ಬಂದಿರಲಿಲ್ಲ, ಬರುವವನೂ ಇರಲಿಲ್ಲ. ಆದರೂ ಅವರು ಕಳಿಸುವುದಿಲ್ಲ ಅಂದಾಗ ಸಭೆಗೆ ಸಭೆಯೇ ಹೆದರಿತು. ಕೆ.ಆರ್. ಪೇಟೆಯವರು ಅಲ್ಲಿಯವರೆಗೆ ನಿದ್ದೆ ಮಾಡುತ್ತಿದ್ದರು. ಎಚ್ಚರವಾದವರೇ “ನಮ್ದೂ ಹಾಕಿ” ಅಂದು ಮತ್ತೆ ಮಲಗಿದರು.

ಕೊನೆಗೆ ಬನಿಯನ್ನಿನ ಬೆನ್ನ ಮೇಲೆ ನಾಲ್ಕೂ ಊರನ್ನು ಸುತ್ತಲೂ ದುಂಡಗೆ ಬರೆಸಿದೆವು, ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಅದರಿಂದ ನಾಲ್ಕು ತಾಲ್ಲೂಕಿಗೂ ಸಮಾಧಾನವಾಯಿತು. ನಂಬರು ಬರೆಯಲು ಮಾತ್ರ ಜಾಗ ಉಳಿಯಲಿಲ್ಲ.

ಮೊದಲ ಆಟದಲ್ಲೇ ಫೌಲಾಯಿತು. ರೆಫರಿ ಬೆನ್ನು ನೋಡಿ, ಇನ್ನೊಮ್ಮೆ ನೋಡಿ, “ಯಾವ ನಂಬರು?” ಅಂತ ಕೇಳಿದರು. ನಮ್ಮ ವಕೀಲ ಕೈ ಹಿಂದೆ ಕಟ್ಟಿಕೊಂಡು ಹೋಗಿ ನಿಂತ.

“ನಂಬ್ರು ಇಲ್ಲ ಸಾ. ನಾಲ್ಕ್ ಊರವೆ, ಯಾವ್ದ್ ಬೇಕೋ ಬರ್ಕಳಿ.”

ಬೆನ್ನಿನ ಮೇಲೆ ಅವರ ಕಣ್ಣಿಗೆ ನೇರವಾಗಿ ಕಂಡದ್ದು ನಾಗಮಂಗಲ. ಅದನ್ನೇ ಬರೆದುಕೊಂಡರು. ಆಮೇಲೆ ಎಲ್ಲ ಫೌಲಿಗೂ ಅದೇ ರೂಢಿಯಾಯಿತು. ಆ ವರ್ಷದ ದಾಖಲೆ ತೆಗೆದು ನೋಡಿದರೆ ಇಡೀ ಲೀಗಿನಲ್ಲಿ ಅತಿ ಒರಟಾಗಿ ಆಡಿದ್ದು ಆಡಲು ಒಬ್ಬನನ್ನೂ ಕಳಿಸದ ಆ ಊರು.

ಆಚಾರ್ರ ಅಳತೆ

ನಮ್ಮ ಶಾಲೆಯ ಅಂಗಳದಲ್ಲಿ ಕೋರ್ಟು ಸಿದ್ಧವಾಯಿತು, ಕಂಬ ನಿಂತಿತು, ಬೋರ್ಡು ಬಂತು. ರಿಂಗು ಇರಲಿಲ್ಲ. ಊರಿನ ಕಮ್ಮಾರಸಾಲೆಯ ಆಚಾರ್ರ ಬಳಿ ಹೋಗಿ, ಚೆಂಡು ಇದರೊಳಗೆ ಹೋಗಿ ಕೆಳಗೆ ಬೀಳಬೇಕು ಎಂದು ವಿವರಿಸಿದೆ. ಅವರು ಚೆಂಡನ್ನು ಈಸಿಕೊಂಡು ದಾರ ಸುತ್ತಿ ಅಳತೆ ತೆಗೆದುಕೊಂಡರು. ದಾರ ಸುತ್ತಿದಾಗಲೇ ನನಗೆ ಹೊಳೆಯಬೇಕಿತ್ತು.

ನಾನು ಮದುವೆಯೊಂದಕ್ಕೆ ಹೋಗಿ ಎರಡು ದಿನ ಬಿಟ್ಟು ಬರುವಷ್ಟರಲ್ಲಿ ಅವರು ಎರಡೂ ರಿಂಗನ್ನು ತಾವೇ ತಂದು, ಬೋರ್ಡಿಗೆ ಕೂರಿಸಿ, ಜನ್ಮದಲ್ಲಿ ಬಿಚ್ಚದ ಹಾಗೆ ಬೆಸುಗೆ ಹಾಕಿಬಿಟ್ಟಿದ್ದರು. ಚೆಂಡು ಎಸೆದೆ. ರಿಂಗಿನ ಮೇಲೆ ಕೂತಿತು. ಮೇಲಿಂದ ಒತ್ತಿದರೆ ಮೆಲ್ಲಗೆ ಇಳಿಯಿತು. ಸುತ್ತ ಒಂದು ನೂಲಿನಷ್ಟು ಜಾಗ ಇದ್ದರೆ ಹೆಚ್ಚು.

“ಏನ್ ಆಚಾರ್ರೇ ಇದು, ಇಷ್ಟು ಬಿಗಿ?”

“ಗಾಡಿ ಚಕ್ರಕ್ಕೆ ಪಟ್ಟಿ ಕಟ್ಟೋ ಕೈ ಮೇಷ್ಟ್ರೇ ಇದು. ಬಿಗಿ ಇಲ್ದಿದ್ರೆ ಅದೂ ಒಂದ್ ಕೆಲ್ಸವಾ?” ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

“ಇದರ ಎರಡರಷ್ಟು ಅಗಲ ಇರಬೇಕಿತ್ತು.”

“ಎರಡ್ರಷ್ಟಾ? ಚೆಂಡ್ ತೂರ್ಸಕಾ, ಕುರಿ ತೂರ್ಸಕಾ?”

ರಿಂಗು ಸರಿಯಾಗಿದೆಯೇ ಎಂದು ನೋಡಲು ಲೀಗಿನ ತಪಾಸಣೆಯವರು ಬಂದರು. ಇವತ್ತಿಗೆ ತಂಡದ ಕಥೆ ಮುಗಿಯಿತು ಅಂದುಕೊಂಡು ನಾನು ಅವರನ್ನು ಮೊದಲು ಊಟಕ್ಕೆ ಕೂರಿಸಿದೆ. ಮುದ್ದೆ, ನಾಟಿಕೋಳಿ ಸಾರು. ಎದ್ದಾಗ ಅವರು ಕತ್ತು ಮೇಲೆತ್ತುವ ಸ್ಥಿತಿಯಲ್ಲಿರಲಿಲ್ಲ. ಕಂಬದ ಬುಡ ನೋಡಿ, “ರಿಂಗು ಬಹಳ ಚೆನ್ನಾಗಿದೆ” ಎಂದು ಬರೆದು ಸಹಿ ಹಾಕಿದರು.

ನಾಲ್ಕೂಕಾಲರ ಬಸ್ಸು

ಆ ರಿಂಗಿಗೆ ದೂರದಿಂದ ಎಸೆದು ಯಾರಿಂದಲೂ ಹಾಕಲಾಗುತ್ತಿರಲಿಲ್ಲ. ನಮ್ಮ ದೋಸೆ ಆಟಗಾರನೂ ಕೈಚೆಲ್ಲಿದ. ಹಾಕಬೇಕಾದರೆ ರಿಂಗಿನ ಮೇಲಕ್ಕೇ ಕೈ ಹೋಗಬೇಕು, ಅಟ್ಟದ ಮೇಲೆ ಮಡಕೆ ಇಡುವಂತೆ ಚೆಂಡು ಇಡಬೇಕು. ಅಂಥವನನ್ನು ಹುಡುಕಿಕೊಂಡು ತಿರುಗಿ ಕೊನೆಗೆ ಪಾಲಹಳ್ಳಿಯಲ್ಲಿ ಕಂಡುಹಿಡಿದೆ. ಏಣಿಯಿಲ್ಲದೆ ಸೂರಿಗೆ ಹೆಂಚು ಹೊದಿಸುತ್ತಿದ್ದ. ಅಲ್ಲೇ ಅವನನ್ನು ತಂಡಕ್ಕೆ ಸೇರಿಸಿಕೊಂಡೆ. ಐದನೆಯವನು ಸಿಕ್ಕ, ತಂಡ ಭರ್ತಿಯಾಯಿತು.

ಉದ್ದನೆಯವನಲ್ಲಿ ಒಂದೇ ತೊಂದರೆ. ಅವನ ಮನೆಯ ಸೀಮೆಹಸು ಅವನ ಕೈಗೆ ಬಿಟ್ಟು ಬೇರೆ ಯಾರ ಕೈಗೂ ಹಾಲು ಕೊಡುತ್ತಿರಲಿಲ್ಲ. ಸಂಜೆ ಡೇರಿಗೆ ಹಾಲು ಹಾಕಬೇಕಾದರೆ ಅವನು ನಾಲ್ಕೂಕಾಲರ ಬಸ್ಸು ಹಿಡಿಯಲೇಬೇಕು. ಆಟ ಶುರುವಾಗುವುದೇ ಮೂರೂವರೆಗೆ.

“ನಿನ್ ಹೆಂಡ್ತಿ ಕರೀಬಾರ್ದೇನೋ?” ಅಂದೆ.

“ಒಂದ್ಸಲ ನಮ್ಮವ್ವ ಕೂತ್ಕಂಡಿದ್ಕೆ ಒದ್ಬುಡ್ತು ಮೇಷ್ಟ್ರೇ. ನಮ್ಮವ್ವ ಇನ್ನೂವೆ ಕುಂಟ್ತಾವ್ಳೆ. ಎಂಡ್ರುನ್ನೂ ಕುಂಟುಸ್ಲಾ?”

ಹೀಗಾಗಿ ನಾಲ್ಕೂಕಾಲರವರೆಗೆ ನಾವು ಮುಂದಿರುತ್ತಿದ್ದೆವು, ಬಸ್ಸು ಹೊರಟ ಮೇಲೆ ಎದುರು ತಂಡದ ಎತ್ತರದವರು ಎಗರಿ ಎಗರಿ ಚೆಂಡು ಇಟ್ಟು ಗೆಲ್ಲುತ್ತಿದ್ದರು. ಎರಡನೆಯ ವರ್ಷ ಒಂದು ಆಟದಲ್ಲಿ ನಾಲ್ಕು ಅಂಕ ಮುಂದಿದ್ದೇವೆ, ಚೆಂಡು ಉದ್ದನೆಯವನ ಕೈಯಲ್ಲೇ ಇದೆ, ರಿಂಗಿನ ಕೆಳಗೇ ನಿಂತಿದ್ದಾನೆ. ಹೊರಗೆ ಬಸ್ಸಿನ ಹಾರನ್ನು ಕೇಳಿತು. ಅವನು ಆಚೆ ಈಚೆ ನೋಡಿ, ಹತ್ತಿರದಲ್ಲಿದ್ದ ಎದುರು ತಂಡದವನ ಕೈಗೆ ಚೆಂಡು ಕೊಟ್ಟು, “ತಕಳಣ್ಣ, ಬಸ್ ಬಂತು” ಅಂದು ಓಡಿದ.

ಕೊನೆಯ ಆಟ

ಮೂರನೆಯ ವರ್ಷದ ಕೊನೆಯ ಆಟ ನಮ್ಮ ಅಂಗಳದಲ್ಲಿತ್ತು. ಅಲ್ಲಿಯವರೆಗೆ ಗೆಲುವು ಸೊನ್ನೆ. ಇದೊಂದು ಸೋತರೆ ತಂಡ ಮಣ್ಣು. ಮೂರು ವರ್ಷ ಇವರನ್ನೆಲ್ಲ ಬೈದುಕೊಂಡು ತಿರುಗಿದವನಿಗೆ ಇವರಿಲ್ಲದ ಭಾನುವಾರ ಹೇಗೆ ಕಳೆಯುವುದು ಎಂದು ನಿಜವಾಗಿಯೂ ಸಂಕಟವಾಯಿತು. ಹಿಂದಿನ ದಿನ ಪಾಲಹಳ್ಳಿಗೆ ಹೋಗಿ ಉದ್ದನೆಯವನ ಮುಂದೆ ಕೈ ಮುಗಿದೆ.

ಅವನು ತಲೆ ಕೆರೆದುಕೊಂಡು ಅಂದ, “ನಾನ್ ಹಸ ಬುಟ್ಟ್ ಬರಾಕಾಯ್ತಾ ಇಲ್ಲ. ಅದ್ನೇ ಕರ್ಕಂಡ್ ಬತ್ತೀನಿ ಬುಡಿ.”

ಮಾರನೆಯ ದಿನ ಟ್ರಾಕ್ಟರಿನ ಟ್ರೇಲರಿನಲ್ಲಿ ಹಸು ಬಂದಿಳಿಯಿತು. ಕೋರ್ಟಿನ ಪಕ್ಕದ ಹುಣಸೆಮರಕ್ಕೆ ಕಟ್ಟಿ ಮುಂದೆ ಹುಲ್ಲು ಹಾಕಿದೆವು. ಎದುರು ತಂಡದವರು ನೋಡಿ ಬಿದ್ದು ಬಿದ್ದು ನಕ್ಕರು. “ಇದೂ ಆಡ್ತದಾ ಮೇಷ್ಟ್ರೇ?” ಅಂತ ಅವರ ಕ್ಯಾಪ್ಟನ್ನು ಕೇಳಿದ.

ನಾಲ್ಕೂಕಾಲರ ಬಸ್ಸು ಹಾರನ್ನು ಮಾಡಿಕೊಂಡು ಹೋಯಿತು. ಉದ್ದನೆಯವನು ಹೋಗಲಿಲ್ಲ. ಇನ್ನೊಂದೇ ನಿಮಿಷ ಉಳಿದಿರುವಾಗ ನಾವು ಹತ್ತು, ಅವರು ಎಂಟು. ಅವರ ಕ್ಯಾಪ್ಟನ್ನು ಜೀವ ಬಿಟ್ಟು ಒಂದು ಚೆಂಡೆಸೆದ. ಅದು ನೇರವಾಗಿ ಹೋಗಿ ರಿಂಗಿನಲ್ಲಿ ಕೂತಿತು. ಬಿಸಿಲಿಗೆ ಉಬ್ಬಿತ್ತು, ಅರ್ಧ ಒಳಗೆ, ಅರ್ಧ ಹೊರಗೆ. ಜನರ ನಡುವೆ ಕೂತಿದ್ದ ಆಚಾರ್ರು ಎದ್ದು ನಿಂತು, “ನೋಡ್ರಲಾ, ಎಂಗ್ ಕೂತದೆ!” ಅಂದರು.

ಆಟ ನಿಂತಿತು. ಅದೇ ಹೊತ್ತಿಗೆ ಹಸು ಅಂಬಾ ಅಂದಿತು. ಉದ್ದನೆಯವನು ರೆಫರಿಯ ಹತ್ತಿರ ಹೋದ.

“ಸಾ, ಒತ್ತಾಯ್ತು. ಹಾಲ್ ಕರ್ಕಂಡ್ ಬಂದ್ಬುಡ್ಲಾ?”

ರೆಫರಿಯೂ ಹಸು ಕಟ್ಟಿದವರ ಮನೆಯವರೇ. “ಬೇಗ ಬಾರಪ್ಪ” ಅಂದರು. ಅವನು ಚೊಂಬು ಹಿಡಿದು ಕುಕ್ಕರಗಾಲಲ್ಲಿ ಕೂತ. ಹೊಸ ಜಾಗ, ಇಷ್ಟೊಂದು ಜನ, ಹಸು ಹಾಲು ಇಳಿಸಲಿಲ್ಲ. ಅಷ್ಟರಲ್ಲಿ ಯಾರೋ ಚೆಂಡು ಬೀಳಿಸಲು ಬಿದಿರಿನ ಗಳದಿಂದ ಬೋರ್ಡಿಗೆ ಕುಟ್ಟಿದರು. ಹಸು ಬೆದರಿ ಕಾಲೆತ್ತಿತು.

“ಯಾವನ್ಲಾ ಅವ್ನು ಬೋಲ್ಡ್ ಕುಟ್ಟೋನು! ಯಾರೂ ಮಾತಾಡ್‌ಬ್ಯಾಡಿ! ಸಾ, ನೀವೂ ಅಷ್ಟೇ, ಸೀಟಿ ಗೀಟಿ ಊದ್‌ಬ್ಯಾಡಿ!”

ರೆಫರಿ ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಇಡೀ ಅಂಗಳ ಗಪ್‌ಚಿಪ್ಪು. ಎದುರು ತಂಡದವರೂ ತುಟಿ ಎರಡು ಮಾಡಲಿಲ್ಲ, ಅವರ ಮನೆಗಳಲ್ಲೂ ಹಸುಗಳಿದ್ದವು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಕೊನೆಗೆ ಚೊಂಬಿನಲ್ಲಿ ಚರ್ ಚರ್ ಎಂದು ಸದ್ದು ಕೇಳಿದಾಗ ಜನ ಉಸಿರು ಬಿಟ್ಟರು. ಎದುರು ತಂಡದ ಕ್ಯಾಪ್ಟನ್ನು ತುದಿಗಾಲಲ್ಲಿ ರೆಫರಿಯ ಬಳಿ ಬಂದು ಪಿಸುಗುಟ್ಟಿದ.

“ಸಾ, ಈಗ್ ಬರೋದೇ ನಮ್ಗೆ ಲಾಸ್ಟ್ ಬಸ್ಸು.”

“ಈಗ ತಾನೇ ಹಾಲ್ ಇಳ್ಸ್ಯದೆ. ಮಧ್ಯದಲ್ ಎಬ್ಬುಸ್ಬಾರ್ದು” ಎಂದು ರೆಫರಿಯೂ ಪಿಸುಗುಟ್ಟಿದರು.

ಎದುರು ತಂಡದವರು ಒಬ್ಬರ ಹಿಂದೆ ಒಬ್ಬರು, ಸದ್ದಾಗದಂತೆ ಬೂಟು ಕೈಯಲ್ಲಿ ಹಿಡಿದುಕೊಂಡು ಹೊರಟರು. ಕೋರ್ಟು ಬಿಟ್ಟು ಹೋದವರು ಸೋತಂತೆ ಎಂದು ರೆಫರಿ ಬರೆದುಕೊಂಡರು. ಹಾಲು ತುಂಬಿದ ಚೊಂಬಿನೊಂದಿಗೆ ಎದ್ದುಬಂದ ಉದ್ದನೆಯವನು ಸುತ್ತಲೂ ನೋಡಿ, “ಅವರೆಲ್ಲಿ?” ಅಂದ. ನಾನು ಅವನನ್ನು ತಬ್ಬಿಕೊಂಡು ಅತ್ತೆ. ಗೆದ್ದ ಕಾಫಿಯನ್ನು ಆ ಹಾಲಿನಲ್ಲೇ ಮಾಡಿಸಿ ಕುಡಿದೆವು.

ತಂಡ ಉಳಿಯಿತು. ಮುಂದಿನ ವರ್ಷ ನಮ್ಮ ಅಂಗಳದಲ್ಲಿ ಆಡಲು ಅದೇ ತಂಡವನ್ನು ಕರೆದಾಗ ಅವರ ಕ್ಯಾಪ್ಟನ್ನಿನಿಂದ ಒಂದು ಕಾರ್ಡು ಬಂತು.

“ಮಾನ್ಯರೇ, ತಮ್ಮ ಪತ್ರ ತಲುಪಿತು. ಹಸು ಈಗ ಹಾಲು ಕರೆಯುತ್ತಿದೆಯೋ, ಗಬ್ಬವಾಗಿ ಬತ್ತಿಸಿದ್ದೀರೋ ತಿಳಿಸುವುದು. ಕರೆಯುತ್ತಿದ್ದರೆ ಬರುವುದಿಲ್ಲ, ನಾವು ಸೋತೆವೆಂದು ಈಗಲೇ ಬರೆದುಕೊಳ್ಳಿ.”