ಚೌಡ ತೋಟೆ ತುಂಬಿದ ದಿನ

ಎಂಬತ್ತರ ಚುನಾವಣೆಗೆಂದು ಎಲ್ಲರ ಕೋವಿಗಳಂತೆ ಪೊಲೀಸ್ ಠಾಣೆ ಸೇರಿದ್ದ ಕೋವಿ ವಾಪಸು ಬಂದಾಗ ಬೆಳಕೆಯ ಚೌಡನ ಮನೆಯಲ್ಲಿ ಅದಕ್ಕೆ ಹಾಕಿ ಹೊಡೆಯಲು ಒಂದೂ ಒಳ್ಳೆಯ ತೋಟೆ ಇರಲಿಲ್ಲ. ಡಬ್ಬಿಯಲ್ಲಿದ್ದವೆಲ್ಲ ಕಡಲ ಗಾಳಿಯ ಥಂಡಿಗೆ ನೆನೆಹಾಕಿದ ಕಡಲೆಯಂತೆ ಉಬ್ಬಿದ್ದವು. ಇತ್ತ ಹಂದಿಗಳು ಗೆಣಸಿನ ಗದ್ದೆಯನ್ನು ಮುಕ್ಕಾಲು ಪಾಲು ಮುಗಿಸಿದ್ದವು. ಉಳಿದದ್ದು ಒಂದು ಮೂಲೆ. ಅದು ಮಗಳು ತಿಮ್ಮಿಗೆಂದು ಇಟ್ಟದ್ದು. ಧಾರೇಶ್ವರಕ್ಕೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ಅಪ್ಪನ ಗದ್ದೆಯ ಗೆಣಸು ಸುಟ್ಟು ತಿನ್ನಬೇಕು ಎಂದು ಹೇಳಿ ಕಳಿಸಿದ್ದಳು.

ಅವಳನ್ನು ಕರೆತರಲು ಹೊರಟ ಹೆಂಡತಿ ಬಂಗಾರಿ ಅಂಗಳದಲ್ಲಿ ನಿಂತು, "ಕೋವಿ ಗೀವಿ ಬೇಡ. ಗೆಣಸು ಈಗಲೇ ಅಗೆದು ಒಳಗಿಡಿ," ಎಂದಳು.

"ಅವಳು ಬರ್ಲಿ, ಅವಳ ಎದುರಿಗೇ ಅಗೀತೆ. ಅಲ್ಲೀವರೆಗೆ ಕಾಯೂಕೆ ನಾನಿಲ್ವಾ?" ಎಂದ ಚೌಡ. ಹೆಂಡತಿಯ ಮಾತು ಕೇಳಬೇಕಿತ್ತು ಎಂದು ಅವನಿಗೆ ಅನ್ನಿಸಿದ್ದು ಸಂಜೆಗೆ.

ಖಾಲಿ ತೋಟೆ, ಮದ್ದು, ಸೀಸದ ಚರೆ ಹರಡಿಕೊಂಡು ಜಗಲಿಯಲ್ಲಿ ಕೂತದ್ದೇ ತಡ, ಕೇರಿಗೆ ಕೇರಿಯೇ ಬಂತು. ಮಿಕ ಬಿದ್ದರೆ ಕೈಹಚ್ಚಿದವರಿಗೆಲ್ಲ ಪಾಲು ಕೊಡುವುದು ಊರಿನ ರೂಢಿ. ಹಂದಿ ಇನ್ನೂ ಕಾಡಿನಲ್ಲಿರುವಾಗಲೇ ಕೈಹಚ್ಚಿಬಿಟ್ಟರೆ ಆಮೇಲೆ ತಕರಾರಿಲ್ಲ.

ಮುಂಬಯಿಯಲ್ಲಿ ದುಡಿದು ಬಂದಿದ್ದ ಕಮಲಾಕರ ಕಬ್ಬಿಣದ ಒತ್ತುಯಂತ್ರ ಹೊತ್ತು ತಂದ. "ಇದು ವಿಲಾಯ್ತಿದು, ಚೌಡಣ್ಣ. ಹಿಡಿಕೆ ಎಳೆದ್ರೆ ಆತು, ತೋಟೆ ತಯಾರು."

ಬಡಗಿ ಗಣಪನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಆ ಕಬ್ಬಿಣ ಎಂತಕ್ಕೆ ಮಾರಾಯ? ನಾನು ಅಂಥದ್ದೇ ಒಂದು ಹಲಸಿನ ಮರದಲ್ಲಿ ಮಾಡಿ ತಂದಿದ್ದೆ, ನೋಡು."

ಯಾವುದು ಮೇಲು ಎಂಬ ವಾದದಲ್ಲೇ ಹೊತ್ತು ನೆತ್ತಿಗೇರಿತು. ಪರೀಕ್ಷೆಗೆಂದು ಖಾಲಿ ತೋಟೆಯನ್ನು ವಿಲಾಯ್ತಿ ಯಂತ್ರಕ್ಕೆ ತುರುಕಿದರು. ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಗಣಪ ನಗುತ್ತ ತನ್ನದನ್ನು ಒತ್ತಿದ; ಅದು ನಡುವೆ ಸೀಳಿತು. ಮರ ಹಸಿ ಇತ್ತು ಎಂದ.

ಕೋವಿಯ ಗಂಧಗಾಳಿ ಗೊತ್ತಿಲ್ಲದ, ಆದರೂ ಪಾಲು ಬೇಕಾದ ಶನಿಯಾರ ಕೇಳಿದ: "ಚೌಡಣ್ಣ, ಇಷ್ಟು ಜನಕ್ಕೆ ಬಾಯಿಗೆ ಎಂತಾದ್ರೂ ಬೇಡ್ವಾ? ನಾನೇ ನೋಡ್ಲಾ?"

ಚೌಡನ ಹಲ್ಲಿನ ನಡುವೆ ತೋಟೆಗೆ ಹಾಕುವ ರಟ್ಟಿನ ಬಿಲ್ಲೆಗಳಿದ್ದವು. "ಹ್ಞೂಂ," ಎಂದ.

"ಬೆಂಕಿ ಮಾತ್ರ ಹಿತ್ತಲಲ್ಲಿ ಹಾಕು. ಇಲ್ಲಿ ಮದ್ದದೆ," ಎಂದು ಗಣಪ ಎಚ್ಚರಿಸಿದ.

ಚೌಡ ಅಟ್ಟ ಹತ್ತಿ, ಅಪ್ಪ ತೋಟೆ ತುಂಬುತ್ತಿದ್ದ ಹಳೆಯ ಕೋಲು ಹುಡುಕಿ ತಂದ. ಬೆಳಿಗ್ಗೆಯೇ ಇದು ನೆನಪಾಗಿದ್ದರೆ ಇಷ್ಟು ಜನ ಕೂತು ಬೆವರುವುದು ತಪ್ಪುತ್ತಿತ್ತು. ಶನಿಯಾರ ಬಾಳೆಲೆಯಲ್ಲಿ ಬಿಸಿಬಿಸಿಯಾದದ್ದೇನನ್ನೋ ತಂದು ನಡುವೆ ಇಟ್ಟ. ಚೌಡ ಬಗ್ಗಿಸಿದ ತಲೆ ಎತ್ತದೆ, ಎಂಥದೆಂದೂ ನೋಡದೆ ತಿಂದ. ರುಚಿಯಾಗಿತ್ತು, ಮತ್ತೆ ಮತ್ತೆ ಕೈಚಾಚಿದ.

ಹೊತ್ತು ಇಳಿಯುವಾಗ ಒಂದು ತೋಟೆ ತಯಾರಾಯಿತು. ಎಲ್ಲರೂ ಅದನ್ನು ಮುಟ್ಟಿ, ತಮ್ಮ ಪಾಲು ಗಟ್ಟಿ ಮಾಡಿಕೊಂಡರು. ಚೌಡ ಕೋವಿ ಹೆಗಲಿಗೇರಿಸಿ ಗದ್ದೆಗೆ ಹೋದ. ಮೂಲೆಯಲ್ಲಿ ಬಳ್ಳಿಗಳೆಲ್ಲ ಬುಡಮೇಲಾಗಿದ್ದವು. ಒಂದು ಗೆಣಸೂ ಇರಲಿಲ್ಲ.

"ಹಾಳು ಹಂದಿ ಹಗಲಿಗೇ ಬಂತಲ್ಲ," ಎಂದು ಬೈಯುತ್ತ ಓಡಿಬಂದ. ಅಂಗಳದಲ್ಲಿ ಬಂಗಾರಿಯೂ ತಿಮ್ಮಿಯೂ ಆಗಲೇ ಬಂದು ನಿಂತಿದ್ದರು. ಜಗಲಿಯ ತುಂಬ ಸುಟ್ಟ ಸಿಪ್ಪೆ.

"ಹಂದಿ ಅಲ್ಲ ಚೌಡಣ್ಣ, ನಾನು," ಎಂದ ಶನಿಯಾರ ಹೆಮ್ಮೆಯಿಂದ. "ನೀನೇ ಹ್ಞೂಂ ಅಂದೆಯಲ್ಲ. ಒಂದೂ ಬಿಡದೆ ಅಗೆದೆ. ಯಾರಿಗೂ ಪಾಲು ತಪ್ಲಿಲ್ಲ."

ಬಾಳೆಲೆಯಲ್ಲಿ ಒಂದೇ ತುಂಡು ಉಳಿದಿತ್ತು. ಅದರ ಮೇಲೆ ಚೌಡನದೇ ಹಲ್ಲಿನ ಗುರುತು. ತಿಮ್ಮಿ ಅದನ್ನೆತ್ತಿ, ಬೂದಿ ಊದಿ, ಬಾಯಿಗೆ ಹಾಕಿಕೊಂಡಳು.

"ಸಿಹಿ ಅದೆ ಅಪ್ಪಾ," ಎಂದಳು. ಅವಳು ಬೈದಿದ್ದರೆ ಚೌಡನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಕೋವಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತ.

ಬಂಗಾರಿ ಸಿಪ್ಪೆ ಗುಡಿಸತೊಡಗಿದಳು. "ಕೋವಿ ಒಳಗಿಡಿ," ಎಂದಳು. "ಹಂದಿ ಇನ್ನೆಂತಕ್ಕೆ ಬತ್ತದೆ?"